ಹಳೆಯ ಮೋಟಾರು ದೋಣಿ: ಕೊಳ್ಳುವ ಮುನ್ನ ಎರಡು ಪರೀಕ್ಷೆಗಳು

ಗದಗ ಜಿಲ್ಲೆಯ ಇಟಗಿ ಕಡಲಿನಿಂದ ದೂರದ ಊರು. ಅಲ್ಲಿನ ವರ್ತಕರೊಬ್ಬರು ಕಾರವಾರದ ಕಾಳಿ ನದಿಯಲ್ಲಿ ಕುಟುಂಬದ ವಿಹಾರಕ್ಕಾಗಿ ಹಳೆಯ ಮೋಟಾರು ದೋಣಿಯನ್ನು ತಮ್ಮ ಏಕಮಾಲೀಕ ಸಂಸ್ಥೆಯ ಹೆಸರಿನಲ್ಲಿ ಕೊಳ್ಳಬಯಸುತ್ತಾರೆ ಎಂದು ಭಾವಿಸೋಣ.

ಮೊದಲ ಪರೀಕ್ಷೆ ದೋಣಿಯದು. ಫೈಬರ್ ಗ್ಲಾಸ್ ತಳದಲ್ಲಿ ಗುಳ್ಳೆಗಳೆದ್ದಿದ್ದರೆ ಪದರಗಳೊಳಗೆ ನೀರು ಇಳಿದಿರುವ ಸಂಭವವುಂಟು. ಎಂಜಿನ್ ತೂಗುಹಾಕಿದ ಹಿಂಬದಿಯ ಗೋಡೆ ಮೆತ್ತಗಾಗಿದ್ದರೆ ದುರಸ್ತಿ ದುಬಾರಿಯಾಗುವುದು. ‘ವಿ’ ಆಕಾರದ ತಳ ಅಲೆಗಳನ್ನು ಸೀಳುತ್ತದೆ. ಚಪ್ಪಟೆ ತಳ ಶಾಂತ ನೀರಿಗೆ ತಕ್ಕುದು. ಎಂಜಿನ್ನಿನ ಸವೆತವನ್ನು ಅದು ಓಡಿದ ಗಂಟೆಗಳಿಂದ ಅಳೆಯಬೇಕು. ಮಲಗುವ ಕೋಣೆ, ಅಡಿಗೆಕಟ್ಟೆ, ಶೌಚಾಲಯಗಳ ಅಂದಚೆಂದ ಆಮೇಲಿನ ಮಾತು. 2021ರ ಒಳನಾಡು ನೌಕೆಗಳ ಕಾಯ್ದೆಯನ್ವಯ ತಪಾಸಣೆ ಹಾಗೂ ನೋಂದಣಿಯ ಪ್ರಮಾಣಪತ್ರಗಳನ್ನೂ ನೋಡತಕ್ಕದ್ದು.

ಎರಡನೆಯದು ಲೆಕ್ಕದ ಪರೀಕ್ಷೆ. 2017ರ ಕೇಂದ್ರ ಜಿ.ಎಸ್.ಟಿ. ಕಾಯ್ದೆಯ 17(5)ನೆಯ ಕಲಮಿನಂತೆ ಇಂತಹ ದೋಣಿಯ ಮೇಲೆ ತೆತ್ತ ತೆರಿಗೆಯ ಜಮೆ ದೊರೆಯದು. ಮರುಮಾರಾಟ, ಪ್ರಯಾಣಿಕರ ಅಥವಾ ಸರಕಿನ ಸಾಗಣೆ, ಚಾಲನಾ ತರಬೇತಿ ಇವುಗಳಿಗೆ ಮಾತ್ರ ವಿನಾಯಿತಿಯುಂಟು. ವಿಮೆ, ದುರಸ್ತಿಗಳಿಗೂ ಇದೇ ನಿರ್ಬಂಧ. ಕುಟುಂಬದ ವಿಹಾರವು ವ್ಯಾಪಾರದ ಖರ್ಚೂ ಅಲ್ಲ. ಅದು ಮಾಲೀಕರ ಸ್ವಂತ ಖಾತೆಗೆ ಸೇರಬೇಕಾದ ಮೊತ್ತ.

ಆದುದರಿಂದ ವರ್ತಕರು ಬೆಲೆಯ ಚೌಕಾಸಿಗಿಂತ ಮೊದಲು ದೋಣಿಯ ಉಪಯೋಗವನ್ನು ನಿರ್ಧರಿಸುವುದು ಲೇಸು.