ಬಟನ್ ಬಂದ್ ಮಾಡಿದರೂ ಚಕ್ರ ಯಾಕೆ ತಿರುಗುತ್ತದೆ?

ಹುಡುಗರು ಬುಗುರಿ ಆಡುವುದನ್ನು ನೀವು ನೋಡಿದ್ದೀರಿ. ಚಾಟಿ ಸುತ್ತಿ ಬೀಸಿ ಒಗೆಯುತ್ತಾರೆ. ಚಾಟಿ ಕೈಯಲ್ಲೇ ಉಳಿಯುತ್ತದೆ. ಬುಗುರಿ ನೆಲದ ಮೇಲೆ ಗಿರಗಿರ ತಿರುಗುತ್ತದೆ. ಈಗ ಅದನ್ನು ಯಾರೂ ತಿರುಗಿಸುತ್ತಿಲ್ಲ. ಆದರೂ ತಿರುಗುತ್ತಲೇ ಇದೆ. ಯಾಕೆ?

ತಿರುಗುವ ವಸ್ತುವಿನಲ್ಲಿ ಒಂದು ಕಸುವು ಇರುತ್ತದೆ. ಈ ಪಾಠದಲ್ಲಿ ಅದನ್ನು 'ಸುತ್ತಿನ ಕಸುವು' ಅನ್ನೋಣ. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಅದಕ್ಕೆ 'ಕೋನೀಯ ಸಂವೇಗ' ಅಂತಾರೆ. ಈ ಕಸುವು ತಾನಾಗಿ ಕಳೆದುಹೋಗುವುದಿಲ್ಲ. ಬೇರೆ ಯಾವುದಕ್ಕಾದರೂ ಕೊಟ್ಟರೆ ಮಾತ್ರ ಕಡಿಮೆ ಆಗುತ್ತದೆ. ಇದೇ ನಿಯಮ.

ಹಾಗಾದರೆ ಬುಗುರಿ ಕೊನೆಗೆ ನಿಲ್ಲುವುದೇಕೆ? ಅದರ ಮೊಳೆ ನೆಲಕ್ಕೆ ತಿಕ್ಕುತ್ತದೆ. ಗಾಳಿಯೂ ತಡೆಯುತ್ತದೆ. ಕಸುವು ಸ್ವಲ್ಪ ಸ್ವಲ್ಪವೇ ನೆಲಕ್ಕೆ, ಗಾಳಿಗೆ ಹೋಗುತ್ತದೆ. ಭೂಮಿ ಬಹಳ ದೊಡ್ಡದು, ಅದಕ್ಕೆ ಸೇರಿದ್ದು ನಮಗೆ ತಿಳಿಯುವುದಿಲ್ಲ.

ಫುಗಡಿ ನೆನಪು ಮಾಡಿಕೊಳ್ಳಿರಿ

ಪಂಚಮಿ ಹಬ್ಬದಲ್ಲಿ ಹುಡುಗಿಯರು ಫುಗಡಿ ಆಡುತ್ತಾರೆ. ಇಬ್ಬರು ಕೈಕೈ ಹಿಡಿದು, ಪಾದ ಕೂಡಿಸಿ, ಮೈ ಹಿಂದಕ್ಕೆ ಚಾಚಿ ಸುತ್ತುತ್ತಾರೆ. ಸುತ್ತುವಾಗ ಕೈ ಮಡಚಿ ಹತ್ತಿರ ಬಂದರೆ ಸುತ್ತು ಜೋರಾಗುತ್ತದೆ. ಮತ್ತೆ ಮೈ ಹಿಂದಕ್ಕೆ ಚಾಚಿದರೆ ನಿಧಾನ ಆಗುತ್ತದೆ. ಕಸುವು ಅಷ್ಟೇ ಇದೆ. ಭಾರ ನಡುವಿಗೆ ಬಂದಾಗ ಅದೇ ಕಸುವಿನಲ್ಲಿ ಸುತ್ತು ಹೆಚ್ಚು. ಭಾರ ದೂರ ಹೋದಾಗ ಸುತ್ತು ಕಡಿಮೆ.

ಮಾಡಿ ನೋಡಿರಿ

ಬರೆದು ಮುಗಿದ ಬಾಲ್ ಪೆನ್ನಿನ ಕೊಳವೆ ತೆಗೆದುಕೊಳ್ಳಿರಿ. ಅದರೊಳಗೆ ಗಟ್ಟಿ ದಾರ ಪೋಣಿಸಿರಿ. ಚಿಂದಿ ಬಟ್ಟೆಯಲ್ಲಿ ಹತ್ತು ಹುಣಸೆ ಬೀಜ ಗಂಟು ಕಟ್ಟಿ, ದಾರದ ಮೇಲಿನ ತುದಿಗೆ ಬಿಗಿಯಿರಿ. ಕಲ್ಲು ಮಾತ್ರ ಕಟ್ಟಬೇಡಿರಿ. ಒಂದು ಕೈಯಲ್ಲಿ ಕೊಳವೆ, ಇನ್ನೊಂದು ಕೈಯಲ್ಲಿ ದಾರದ ಕೆಳಗಿನ ತುದಿ ಹಿಡಿಯಿರಿ. ಗಂಟನ್ನು ತಲೆಯ ಮೇಲೆ ಸುತ್ತಿಸಿರಿ. ಈಗ ದಾರವನ್ನು ಕೆಳಗೆ ಎಳೆಯಿರಿ. ನೋಡ್ರಿ, ಗಂಟು ಎಷ್ಟು ಜೋರಾಗಿ ಸುತ್ತತೈತಿ!

ಇದಕ್ಕೆ ಲೆಕ್ಕ ಇದೆ. ಮೇಲಿನ ದಾರ ಒಂದು ಮೊಳ ಇದ್ದಾಗ ಗಂಟು ಸೆಕೆಂಡಿಗೆ 2 ಸುತ್ತು ಹಾಕಿತು ಅನ್ನಿರಿ. ದಾರ ಅರ್ಧ ಮೊಳ ಆದರೆ ಸೆಕೆಂಡಿಗೆ 8 ಸುತ್ತು ಹಾಕಬೇಕು. ದೂರ ಅರ್ಧ ಆದರೆ ಸುತ್ತು ನಾಲ್ಕು ಪಟ್ಟು. ಗಾಳಿ, ತಿಕ್ಕಾಟ ಸ್ವಲ್ಪ ಕಸುವು ತಿನ್ನುವುದರಿಂದ ನಮಗೆ ಇದಕ್ಕಿಂತ ತುಸು ಕಡಿಮೆ ಸಿಗುತ್ತದೆ.

ಈಗ ಮಶೀನಿನ ಮಾತು

ಕಣಕಿ ಕತ್ತರಿಸುವ ಕಡಬಾ ಕುಟ್ಟಿ ಮಶೀನು ನೋಡಿರಿ. ಅದರ ಕಬ್ಬಿಣದ ಚಕ್ರ ದೊಡ್ಡದು, ಭಾರದ್ದು. ಭಾರ ಹೆಚ್ಚಾಗಿ ಅಂಚಿನಲ್ಲಿದೆ, ಅಂದರೆ ನಡುವಿನಿಂದ ದೂರ. ಇಂಥ ಚಕ್ರ ಒಮ್ಮೆ ತಿರುಗಿತೆಂದರೆ ಅದರಲ್ಲಿ ಬಹಳ ಕಸುವು ಕೂಡಿರುತ್ತದೆ. ಕತ್ತರಿಸುವ ಅಲಗುಗಳು ಇರುವುದೂ ಆ ಚಕ್ರದಲ್ಲೇ.

ಬೀಸುಕಲ್ಲಿನ ಗೂಟ ಬಿಟ್ಟರೆ ಕಲ್ಲು ಬೇಗ ನಿಲ್ಲುತ್ತದೆ. ಯಾಕಂದ್ರೆ ಕಲ್ಲಿಗೆ ಕಲ್ಲು ತಿಕ್ಕುತ್ತದೆ. ಮಶೀನಿನ ಚಕ್ರ ಹಾಗಲ್ಲ. ಅದಕ್ಕೆ ಬೇರಿಂಗ್ ಇದೆ, ಗ್ರೀಸ್ ಹಚ್ಚಿದೆ. ತಿಕ್ಕಾಟ ಕಡಿಮೆ. ಬಟನ್ ಬಂದ್ ಮಾಡಿದರೆ ಕರೆಂಟು ನಿಲ್ಲುತ್ತದೆ, ಚಕ್ರದೊಳಗಿನ ಕಸುವು ನಿಲ್ಲುವುದಿಲ್ಲ. ಆ ಕಸುವು ಯಾವುದಕ್ಕಾದರೂ ಹೋಗಲೇಬೇಕು. ಸೆರಗು ಸಿಕ್ಕರೆ ಸೆರಗಿಗೆ. ಕೈ ಸಿಕ್ಕರೆ ಕೈಗೆ. "ಕರೆಂಟು ಹೋಗೇತಿ, ಏನಾಗೂದಿಲ್ಲ" ಅಂತ ಕೈ ಹಾಕುವುದು ಅದಕ್ಕೇ ಅಪಾಯ. ದುಡಿಯುವ ಕೈ ಹೋದರೆ ಮನೆಯೇ ಕುಂತುಬಿಡುತ್ತದೆ.

ಹಿಟ್ಟಿನ ಗಿರಣಿಗೂ, ರಾಶಿ ಮಶೀನಿಗೂ ಇದೇ ಮಾತು. 1983ರಲ್ಲಿ ಕೇಂದ್ರ ಸರಕಾರ ಅಪಾಯಕಾರಿ ಯಂತ್ರಗಳ ಕಾಯ್ದೆ ತಂದಿತು. ಅದರಲ್ಲಿ ರಾಶಿ ಮಾಡುವ ಯಂತ್ರವನ್ನು ಅಪಾಯಕಾರಿ ಯಂತ್ರ ಎಂದು ಹೇಳಿದೆ. ಗಾಯಗೊಂಡವರಿಗೆ ಪರಿಹಾರ ಕೊಡುವ ಮಾತೂ ಅದರಲ್ಲಿದೆ. ಆದರೆ ಪರಿಹಾರದಿಂದ ಕೈ ತಿರುಗಿ ಬರುವುದಿಲ್ಲ. ಅದಕ್ಕೆ ಇವನ್ನು ಮರೆಯಬೇಡಿರಿ:

1. ಬಟನ್ ಬಂದ್ ಮಾಡಿದ ಮೇಲೆ ದೂರ ನಿಲ್ಲಿರಿ. ಚಕ್ರ ಪೂರಾ ನಿಲ್ಲುವ ತನಕ ಕಾಯಿರಿ.
2. ತಿರುಗುವ ಚಕ್ರವನ್ನು ಕೈಯಿಂದ ಆಗಲಿ, ಕೋಲಿನಿಂದ ಆಗಲಿ ನಿಲ್ಲಿಸಬೇಡಿರಿ.
3. ಸಿಕ್ಕಿಕೊಂಡ ಕಣಕಿಯನ್ನು ಚಕ್ರ ನಿಂತ ಮೇಲೆಯೇ ತೆಗೆಯಿರಿ. ಆಗ ಬಟನ್ ಹತ್ತಿರ ಯಾರೂ ಹೋಗದಂತೆ ನೋಡಿಕೊಳ್ಳಿರಿ.
4. ಸೆರಗು ಸೊಂಟಕ್ಕೆ ಸಿಕ್ಕಿಸಿರಿ. ಜಡೆ ಮೇಲೆ ಕಟ್ಟಿರಿ. ಟವೆಲ್ಲು ಕೊರಳಲ್ಲಿ ಇಳಿಬಿಡಬೇಡಿರಿ.
5. ಮಕ್ಕಳನ್ನು ಹತ್ತಿರ ಬಿಡಬೇಡಿರಿ.

ಹೊಸ ಪದಗಳು

ಕಸುವು – ಶಕ್ತಿ, ಬಲ
ತಿಕ್ಕಾಟ – ಒಂದಕ್ಕೊಂದು ಉಜ್ಜುವುದು
ಅಲಗು – ಕತ್ತರಿಸುವ ಹರಿತವಾದ ಪಟ್ಟಿ
ಪರಿಹಾರ – ನಷ್ಟಕ್ಕೆ ಬದಲಾಗಿ ಕೊಡುವ ಹಣ

ಬಿಟ್ಟ ಜಾಗ ತುಂಬಿರಿ

1. ಭಾರ ನಡುವಿಗೆ ಬಂದರೆ ಸುತ್ತು ________ ಆಗುತ್ತದೆ. (ಜೋರು / ನಿಧಾನ)
2. ಬೀಸುಕಲ್ಲು ಬೇಗ ನಿಲ್ಲಲು ಕಾರಣ ________. (ತಿಕ್ಕಾಟ / ಕರೆಂಟು)
3. ದಾರ ಒಂದು ಮೊಳ ಇದ್ದಾಗ ಸೆಕೆಂಡಿಗೆ 1 ಸುತ್ತು. ಅರ್ಧ ಮೊಳ ಆದಾಗ ________ ಸುತ್ತು.

ನೀವೇ ಬರೆಯಿರಿ

ಒಂದು ರಟ್ಟಿನ ಮೇಲೆ ದೊಡ್ಡ ಅಕ್ಷರದಲ್ಲಿ ಹೀಗೆ ಬರೆಯಿರಿ: "ಚಕ್ರ ನಿಲ್ಲುವ ತನಕ ಕೈ ಹಾಕಬೇಡಿರಿ." ಮರಾಠಿ ಬಲ್ಲವರಿಂದ ಅದರ ಕೆಳಗೆ ಮರಾಠಿಯಲ್ಲೂ ಬರೆಸಿರಿ. ಮಶೀನಿನ ಮಾಲೀಕರನ್ನು ಕೇಳಿ, ಬಟನ್ ಹತ್ತಿರದ ಗೋಡೆಗೆ ತೂಗುಹಾಕಿರಿ. ಓದು ಬಾರದವರಿಗೆ ನೀವೇ ಓದಿ ಹೇಳಿರಿ.