ಕೈ ತೊಳೆಯುವ ನಲ್ಲಿಯನ್ನು ನಂಬಬೇಡ

ಪುಟ್ಟೀ, ಸೋಮವಾರದಿಂದ ಎನ್‌ಐಸಿಯು, ಅಂದರೆ ಹಸುಗೂಸುಗಳ ತೀವ್ರ ನಿಗಾ ಘಟಕದಲ್ಲಿ ಡ್ಯೂಟಿ ಅಂದೆಯಲ್ಲ, ಸಂತೋಷ. ಕೈ ಹೇಗೆ ತೊಳೆಯಬೇಕು ಅಂತ ನಿನಗೆ ಕಾಲೇಜಿನಲ್ಲೇ ಕಲಿಸಿದ್ದಾರೆ. ನಾನು ಹೇಳಬೇಕೆಂದಿರುವುದು ಕೈ ತೊಳೆಯುವ ಸಿಂಕಿನ ವಿಷಯ.

ಉತ್ತರ ಐರ್ಲೆಂಡಿನ ಡೆರಿಯಲ್ಲಿ, ಆಲ್ಟ್‌ನಗೆಲ್ವಿನ್ ಆಸ್ಪತ್ರೆಯಲ್ಲಿ, 2011ರ ಡಿಸೆಂಬರಿನಲ್ಲಿ ಒಂದು ಹಸುಗೂಸು ಸ್ಯೂಡೊಮೊನಾಸ್ ಸೋಂಕಿನಿಂದ ತೀರಿಕೊಂಡಿತು. ಮರುತಿಂಗಳು ಬೆಲ್‌ಫಾಸ್ಟಿನ ರಾಯಲ್ ಜೂಬಿಲಿ ಹೆರಿಗೆ ಆಸ್ಪತ್ರೆಯಲ್ಲಿ ಮೂರು ಕೂಸು. ದಿಕ್ಕಿಲ್ಲದ ಆಸ್ಪತ್ರೆಗಳಲ್ಲ ಅವು. ಹುಡುಕಿದರೆ ರೋಗಾಣು ಸಿಕ್ಕಿದ್ದು ಸಿಂಕಿನ ನಲ್ಲಿಗಳಲ್ಲಿ! ನೀರು ಚಿಮ್ಮದೆ ನೇರವಾಗಿ ಬೀಳಲಿ ಎಂದು ನಲ್ಲಿಯ ಬಾಯಿಗೆ ಜೋಡಿಸಿದ್ದ ಜಾಲರಿಯೊಳಗೆ, ಕೆರೆಯ ಮೆಟ್ಟಿಲಿನ ಪಾಚಿಯ ಹಾಗೆ ಅಂಟಿಕೊಂಡು ಬೆಳೆದಿತ್ತು. ಡೈಪರ್ ಬದಲಿಸುವಾಗ ಕೂಸುಗಳನ್ನು ಒರೆಸಲು ನಲ್ಲಿ ನೀರನ್ನೇ ಬಳಸುತ್ತಿದ್ದರು. ಪ್ರೊಫೆಸರ್ ಪ್ಯಾಟ್ ಟ್ರೂಪ್ ನೇತೃತ್ವದ ತಂಡ ಪರಿಶೀಲಿಸಿ, ಇಂಥ ಘಟಕದ ಕೂಸುಗಳ ಮೈ ಒರೆಸಲು ಸ್ಟೆರೈಲ್ ನೀರೇ ಆಗಬೇಕು ಎಂದಿತು.

ನಿನಗೂ ನನಗೂ ಆ ನೀರು ಏನೂ ಮಾಡಲಿಕ್ಕಿಲ್ಲ. ಆದರೆ ತಾಯಿಯ ರೋಗನಿರೋಧಕ ಅಂಶ ಕೂಸಿಗೆ ಹೆಚ್ಚಾಗಿ ಇಳಿಯುವುದು ಬಸುರಿನ ಕಡೆಯ ಮೂರು ತಿಂಗಳಲ್ಲಿ. ಏಳನೇ ತಿಂಗಳಿಗೇ ಹುಟ್ಟಿದ ಕೂಸಿಗೆ ಅದರ ಪಾಲು ಪೂರ್ತಿ ಸಿಕ್ಕಿರುವುದಿಲ್ಲ. ಚರ್ಮ ತೆಳು, ಅದರ ಮೇಲೆ ಪ್ಲಾಸ್ಟರ್ ಕಿತ್ತ ಗಾಯ, ಸಾಲದ್ದಕ್ಕೆ ರಕ್ತನಾಳಕ್ಕೇ ದಾರಿ ಮಾಡಿಟ್ಟ ಐವಿ ಲೈನು.

ಅದಕ್ಕೇ ಉಳಿದ ಹಾಲು, ಡ್ರಿಪ್ಪು, ಆರಿದ ಟೀ, ಯಾವುದನ್ನೂ ಆ ಸಿಂಕಿಗೆ ಸುರಿಯಬೇಡ. ಒಳಗಿರುವ ರೋಗಾಣುವಿಗೆ ಅದೇ ಊಟ. ಇಂಜೆಕ್ಷನ್ ಟ್ರೇಯನ್ನು ಪಕ್ಕದಲ್ಲಿ ಇಡಬೇಡ, ಹನಿ ಸಿಡಿಯುತ್ತದೆ. ತೊಳೆದ ಕೈ ಪೂರ್ತಿ ಒರೆಸಿ, ಕೂಸನ್ನು ಮುಟ್ಟುವ ಮೊದಲು ಹ್ಯಾಂಡ್‌ರಬ್ ಹಚ್ಚು. ಒಂದೇ ಸಲೈನ್ ಬಾಟಲಿಯಿಂದ ನಾಲ್ಕು ಕೂಸಿನ ಔಷಧಿ ಕಲೆಸುವುದನ್ನು ಯಾರಾದರೂ ಹೇಳಿಕೊಟ್ಟರೆ, ಸ್ಟಾಕ್ ಇಲ್ಲ ಅಂದರೂ ಸರಿ, ಕಲಿಯಬೇಡ. ರಾತ್ರಿ ಪಾಳಿಯಲ್ಲಿ ಹತ್ತು ಕೂಸಿಗೆ ಇಬ್ಬರೇ ಇದ್ದಾಗ ಇದೆಲ್ಲ ಎಷ್ಟು ಕಷ್ಟ ಅಂತ ನನಗೂ ಗೊತ್ತು. ಜನ ಕೊಡದೆ ಶುಚಿ ಮಾತ್ರ ಕೇಳುವವರ ಮೇಲೆ ನನಗೆ ಈಗಲೂ ಸಿಟ್ಟಿದೆ.

ಇನ್ನೊಂದು ಮಾತು. ಒಂದೇ ವಾರದಲ್ಲಿ ಎರಡು ಕೂಸಿನ ಕಲ್ಚರ್ ರಿಪೋರ್ಟಿನಲ್ಲಿ ಒಂದೇ ರೋಗಾಣುವಿನ ಹೆಸರು ಬಂತೋ, ಕ್ಲೆಬ್ಸಿಯೆಲ್ಲಾ ಆಗಲಿ, ಅಸಿನೆಟೊಬ್ಯಾಕ್ಟರ್ ಆಗಲಿ, ಅಂದೇ ಇನ್‌ಚಾರ್ಜ್ ಸಿಸ್ಟರಿಗೆ ಹೇಳು. ಮೂರನೆಯದಕ್ಕೆ ಕಾಯಬೇಡ. ‘ನಿನ್ನೆ ಮೊನ್ನೆ ಬಂದವಳು’ ಅನ್ನುವವರು ಅನ್ನಲಿ. ಇನ್‌ಫೆಕ್ಷನ್ ಕಂಟ್ರೋಲ್ ಸಿಸ್ಟರ್ ಯಾರು, ಅವರ ನಂಬರ್ ಯಾವುದು ಅಂತ ಮೊದಲ ದಿನವೇ ಕೇಳಿ ಬರೆದಿಟ್ಟುಕೋ.