ತಾತನ ಜಾವಾಗೆ ಹೊಸ ಬಣ್ಣ ಬಳಿಯುವ ಮುನ್ನ

ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ಬೈಕುಗಳ ದಿನ. ತಾತನ ಗಾಡಿಯನ್ನು ಶೆಡ್ಡಿನಿಂದ ಹೊರಗೆ ತೆಗೆದಿದ್ದೀಯ, ಸಂತೋಷ. ಆದರೆ ಟ್ಯಾಂಕ್ ಬಿಚ್ಚಿ ಪೇಂಟಿಗೆ ಕೊಡ್ತೀನಿ, ಕ್ರೋಮ್ ಹೊಸದಾಗಿ ಹಾಕಿಸ್ತೀನಿ ಅಂತ ಹೊರಟಿದ್ದೀಯಂತಲ್ಲ? ಸ್ವಲ್ಪ ತಡಿಯಪ್ಪ. ಮೊದಲು ಒರೆಸಿ ನೋಡು.

ಬೇರೆ ಊರಾಗಿದ್ದರೆ ನಾನು ಇಷ್ಟು ಒತ್ತಿ ಹೇಳುತ್ತಿರಲಿಲ್ಲ. ಈ ಗಾಡಿ ಹುಟ್ಟಿದ್ದೇ ನಮ್ಮ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ. 1961ರಲ್ಲಿ ಚೆಕೊಸ್ಲೊವಾಕಿಯಾದ ಪರವಾನಗಿ ಮೇಲೆ ತಯಾರಿ ಶುರುವಾಯಿತು, ಎಪ್ಪತ್ತರ ದಶಕದಲ್ಲಿ ಗಾಡಿಯ ಹೆಸರು ಯೆಜ್ಡಿ ಆಯಿತು, 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಅಲ್ಲಿ ದುಡಿದವರು ಇನ್ನೂ ಈ ಊರಿನಲ್ಲಿದ್ದಾರೆ. ಅಂಥವರೊಬ್ಬರು ನಿನ್ನ ಗಾಡಿಯ ಮುಂದೆ ನಿಂತರೆ ಹೊಳಪು ನೋಡುವುದು ಆಮೇಲೆ. ಮೊದಲು ಟ್ಯಾಂಕಿನ ಬಂಗಾರದ ಗೆರೆ ನೋಡುತ್ತಾರೆ, ಬಗ್ಗಿ ಇಂಜಿನ್ ನಂಬರ್ ನೋಡುತ್ತಾರೆ. ಅಂಗಡಿಯವನು ಆ ಗೆರೆಯ ಮೇಲೆ ಸ್ಟಿಕರ್ ಅಂಟಿಸಿ ಕೊಟ್ಟರೆ ನೀನು ತೋರಿಸುತ್ತಿರುವುದು ಅಂಗಡಿಯವನ ಕೆಲಸ, ಯಾದವಗಿರಿಯದಲ್ಲ.

ಪ್ರೆಷರ್ ವಾಷರ್ ಬೇಡವೇ ಬೇಡ. ಹೆಡ್‌ಲೈಟಿನ ಡೂಮಿನಲ್ಲೇ ಸ್ಪೀಡೋಮೀಟರ್, ಕೀಲಿ ಎರಡೂ ಇವೆ. ಇಂಜಿನ್ನಿನ ಬಲಗಡೆ ಮುಚ್ಚಳದೊಳಗೆ ಡೈನಮೊ, ಪಾಯಿಂಟ್ ಇವೆ. ರಭಸದ ನೀರು ಅಲ್ಲಿಗೆ ನುಗ್ಗಿದರೆ ಭಾನುವಾರ ನೀನು ಗಾಡಿ ತಳ್ಳಿಕೊಂಡೇ ಹೋಗಬೇಕು. ಚೈನ್ ಕವರ್ ಪೂರ್ತಿ ಮುಚ್ಚಿದ್ದು, ಒಳಗೆ ಹೋದ ನೀರು ಆಷಾಢದ ತಂಡಿಯಲ್ಲಿ ಬೇಗ ಒಣಗುವುದೂ ಇಲ್ಲ. ಒಂದು ಬಕೆಟ್, ಒಂದು ಮೆತ್ತನೆ ಬಟ್ಟೆ, ಕಾರು ತೊಳೆಯುವ ಶಾಂಪೂ ಒಂದಿಷ್ಟು, ಇಷ್ಟು ಸಾಕು. ಬೋರ್‌ವೆಲ್ ನೀರಾದರೆ ಆರುವ ಮೊದಲೇ ಒರೆಸಿಬಿಡು, ಇಲ್ಲದಿದ್ದರೆ ಉಪ್ಪಿನ ಬಿಳಿ ಕಲೆ ಕೂರುತ್ತದೆ. ಕೆಳಗಿನ ಜಿಡ್ಡಿಗೆ ಹಳೆಯ ಪೇಂಟ್ ಬ್ರಷ್, ಸ್ವಲ್ಪ ಡೀಸೆಲ್. ಬ್ರೇಕ್ ಡ್ರಮ್ಮಿಗೂ ರಬ್ಬರಿಗೂ ಅದು ತಾಗದಿರಲಿ. ಕೈಯಲ್ಲಿ ಉಂಗುರ, ಸೊಂಟದಲ್ಲಿ ಬೆಲ್ಟ್ ಇದ್ದರೆ ತೆಗೆದಿಡು. ಟ್ಯಾಂಕಿನ ಗೀರುಗಳಲ್ಲಿ ಅರ್ಧ ಅವುಗಳದ್ದೇ.

ನಮ್ಮೂರ ಗಾಡಿಗಳ ಮೇಲೆ ಇನ್ನೊಂದು ಕಲೆ ಇರುತ್ತದೆ, ಆಯುಧಪೂಜೆಯದು. ಹೆಡ್‌ಲೈಟಿನ ಸುತ್ತ, ಹ್ಯಾಂಡಲ್ ಸಂದಿಯಲ್ಲಿ ವರ್ಷಗಟ್ಟಲೆಯ ಅರಿಶಿನ ಕುಂಕುಮ ಗಟ್ಟಿಯಾಗಿ ಕೂತಿದೆ. ಉಗುರಿನಿಂದ ಕೆರೆಯಬೇಡ. ಕೊಬ್ಬರಿ ಎಣ್ಣೆ ಹಚ್ಚಿ ನೆನೆಯಲು ಬಿಡು, ಹತ್ತಿಯಿಂದ ಎತ್ತಿ ತೆಗೆ. ಉಳಿದ ಹಳದಿ ಬಿಸಿಲಿಗೆ ತಾನೇ ಮಾಸುತ್ತದೆ. ಚಕ್ರದಡಿ ಇಟ್ಟ ನಿಂಬೆಹಣ್ಣಿನ ರಸ ರಿಮ್ಮಿಗೆ ಸಿಡಿದು ಅಲ್ಲೇ ಉಳಿದರೆ ತುಕ್ಕಿಗೆ ದಾರಿ. ಅದೇ ಕಾರಣಕ್ಕೆ, ದೇವರ ಸಾಮಾನು ಬೆಳಗುವ ಹುಣಸೆಹಣ್ಣು, ರಂಗೋಲಿ ಪುಡಿಯನ್ನು ಗಾಡಿಯ ಹತ್ತಿರವೂ ತರಬೇಡ. ಒಂದು ಹುಳಿ, ಇನ್ನೊಂದು ಕಲ್ಲಿನ ಪುಡಿ. ಕ್ರೋಮ್ ಪದರ ಒಂದು ಮೈಕ್ರಾನಿಗೂ ತೆಳು, ಹೊಳಪಿನ ಬಹುಪಾಲು ಅದರ ಕೆಳಗಿನ ನಿಕ್ಕಲ್‌ನದು. ತುಕ್ಕಿನ ಚುಕ್ಕೆಗಳಿಗೆ ಚಪಾತಿ ಸುತ್ತುವ ಅಲ್ಯೂಮಿನಿಯಂ ಹಾಳೆಯನ್ನು ನೀರಿನಲ್ಲಿ ಅದ್ದಿ ಹಗುರವಾಗಿ ಉಜ್ಜು. ಅಲ್ಯೂಮಿನಿಯಂ ಕ್ರೋಮಿಗಿಂತ ಮೆದು, ತುಕ್ಕು ಹೋಗುತ್ತದೆ, ಕ್ರೋಮ್ ಉಳಿಯುತ್ತದೆ. ಸಿಪ್ಪೆ ಎದ್ದ ಕಡೆ ಏನೂ ಮಾಡುವ ಹಾಗಿಲ್ಲ, ತೆಳ್ಳಗೆ ಎಣ್ಣೆ ಸವರಿ ಬಿಡು. ಇಂಜಿನ್ ಹತ್ತಿರ ಸೈಲೆನ್ಸರ್ ಪೈಪು ನೀಲಿ ತಿರುಗಿದೆಯಲ್ಲ, ಅದು ಕೊಳೆಯಲ್ಲ, ಕಾವಿನ ಬಣ್ಣ. ನನಗಂತೂ ಅದೇ ಚೆಂದ.

ಬಣ್ಣದ ವಿಷಯಕ್ಕೆ ಬಾ. ಈಗಿನ ಗಾಡಿಗಳಂತೆ ಆ ಕಾಲದ ಎನಾಮಲ್ ಮೇಲೆ ಪಾರದರ್ಶಕ ಕ್ಲಿಯರ್ ಕೋಟ್ ಇಲ್ಲ. ಪಾಲಿಷ್ ಹಾಕಿ ಉಜ್ಜಿದರೆ ಬಟ್ಟೆ ಕೆಂಪಾಗುತ್ತದೆ. ಗಾಬರಿ ಬೇಡ, ಸತ್ತ ಬಣ್ಣದ ಮೇಲ್ಪದರ ಅದು. ಆದರೆ ಅದು ಮುಗಿಯುವ ಸರಕು ಅನ್ನುವುದು ನೆನಪಿರಲಿ. ಸೀಟಿನ ಅಡಿಯಲ್ಲಿ ಮೊದಲು ಸ್ವಲ್ಪ ಪರೀಕ್ಷೆ ಮಾಡು. ಬಫಿಂಗ್ ಮಷೀನ್ ಬೇಡ, ಬೆರಳು ಮತ್ತು ಹಳೆಯ ಮಲ್ ಪಂಚೆಯ ತುಂಡು ಸಾಕು. ಏಣುಗಳಲ್ಲಿ ಬಣ್ಣ ತೀರಾ ತೆಳುವಾಗಿರುತ್ತದೆ. ಪ್ರೈಮರ್ ಇಣುಕಿದರೆ ಅಲ್ಲಿಗೆ ಕೈ ನಿಲ್ಲಿಸು. ಬಂಗಾರದ ಗೆರೆಯ ಮೇಲೆ ಪಾಲಿಷ್ ಹೋಗಲೇಬಾರದು, ಪಕ್ಕದಲ್ಲೇ ಸಾಗಲಿ. ಕೊನೆಗೆ ತೆಳುವಾಗಿ ವ್ಯಾಕ್ಸ್, ಅದು ಮಂಜಾದ ಮೇಲೆ ಬೇರೆ ಬಟ್ಟೆಯಿಂದ ಒರೆಸು. ಇಂಜಿನ್ ನಂಬರ್ ಮೇಲೆ ಎಮರಿ ಕಾಗದ ಮಾತ್ರ ಬೇಡ. ಅಕ್ಷರ ಮಸುಕಾದರೆ ಮೆರುಗು ಎಷ್ಟಿದ್ದರೂ ಆರ್‌ಸಿ ಪುಸ್ತಕದ ಜೊತೆ ತಾಳೆ ಹಾಕುವುದು ಕಷ್ಟ.

ಬಿಡುವಿದ್ದರೆ ಶ್ರೀರಂಗಪಟ್ಟಣದ ಹತ್ತಿರ, ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಸಂಗ್ರಹದ ಕಾರುಗಳಿರುವ ‘ಪಯಣ’ಕ್ಕೆ ಹೋಗಿ ಬಾ. ಬಾನೆಟ್ಟಿನ ಹೊಳಪನ್ನು ಎಲ್ಲರೂ ನೋಡುತ್ತಾರೆ. ನೀನು ಬಾಗಿಲ ಅಂಚು, ಬೀಡಿಂಗ್ ರಬ್ಬರ್, ಮಡ್‌ಗಾರ್ಡಿನ ಒಳಮಗ್ಗುಲು ನೋಡು. ಆಮೇಲೆ ಮನೆಗೆ ಬಂದು ನಿನ್ನ ಗಾಡಿಯ ಸ್ಪೋಕ್‌ಗಳು ಒಂದನ್ನೊಂದು ಹಾಯುವ ಜಾಗಕ್ಕೆ, ಸೈಲೆನ್ಸರಿನ ಹಿಂಬದಿಗೆ ಬಟ್ಟೆ ಹಿಡಿದು ಕೂರು. ಗಾಡಿ ಬಲ್ಲವರ ಕಣ್ಣು ಅಲ್ಲಿಗೇ ಹೋಗುತ್ತದೆ.

ಸೀಟು, ಫುಟ್‌ರೆಸ್ಟ್, ಕಿಕ್ ಲಿವರಿನ ರಬ್ಬರಿಗೆ ಟೈರ್ ಪಾಲಿಷ್ ಹಚ್ಚಬೇಡ. ಜಾವಾದಲ್ಲಿ ಕಿಕ್ಕೂ ಗೇರೂ ಒಂದೇ ಲಿವರ್. ಕಾಲು ಜಾರಿದರೆ ಮೊಣಕಾಲ ಕೆಳಗಿನ ಮೂಳೆಗೆ ಏಟು. ಶನಿವಾರವೇ ಹಳೆಯ ಪೆಟ್ರೋಲ್ ಬಸಿದು ಹೊಸದು ಹಾಕಿಸು. ಟೂ-ಸ್ಟ್ರೋಕ್ ಗಾಡಿ ಅಂತ ಬಂಕಿನ ಹುಡುಗನಿಗೆ ಹೊಳೆಯಲಿಕ್ಕಿಲ್ಲ, ಆಯಿಲ್ ಬೆರೆಸುವುದನ್ನು ನೀನೇ ನಿಂತು ನೋಡು. ಜಾವಾ ದಿನದಂದು ಯಾರಾದರೂ ಹಿರಿಯರು ಬಂದು ಒಂದು ಕಿಕ್ ಹೊಡೆದು ನೋಡಲಾ ಅಂತ ಕೇಳೇ ಕೇಳುತ್ತಾರೆ. ಬೆರಳಚ್ಚು ಬೀಳುತ್ತದೆ ಅಂತ ಮುಖ ಸಿಂಡರಿಸಬೇಡ. ಪೆಟ್ರೋಲ್ ಕಾಕ್ ಆನ್ ಮಾಡಿ, ಪಕ್ಕಕ್ಕೆ ಸರಿದು ನಿಲ್ಲು.